ಎಳೆಯರ ಅಶ್ಮರಿ ಮತ್ತು ಶಸ್ತ್ರವೈದ್ಯ: ವಿಧಾನಗಳ ತುಲನೆಯ ಚರಿತ್ರೆ

ಹಾಸನ ಜಿಲ್ಲೆಯ ಬೇಲೂರು ತಾಲ್ಲೂಕಿಗೆ ಸೇರಿದ ಬಿಕ್ಕೋಡು ಮಲೆನಾಡಿನ ಸೆರಗಿನಲ್ಲಿರುವ ಒಂದು ಹೋಬಳಿ ಕೇಂದ್ರ. ಕಾಫಿ ತೋಟಗಳ ನಡುವೆ ಬತ್ತದ ಗದ್ದೆಗಳಿರುವ ಈ ಸೀಮೆಯ ಮನೆಗಳಲ್ಲಿ ಮೂತ್ರದ ಕಲ್ಲಿಗೆ ಎರಡು ಮದ್ದುಗಳು ಇಂದಿಗೂ ಬಳಕೆಯಲ್ಲಿವೆ. ಒಂದು ಹುರುಳಿಯ ಕಟ್ಟು. ಇನ್ನೊಂದು ಬಾಳೆದಿಂಡಿನ ಪಲ್ಯ. ವರ್ಷಕ್ಕೊಮ್ಮೆಯಾದರೂ ಬಾಳೆದಿಂಡನ್ನು ತಿನ್ನಬೇಕು, ಹೊಟ್ಟೆಗೆ ಸೇರಿದ ಕೂದಲು ಕಲ್ಲುಗಳು ಅದರಿಂದ ಕರಗುತ್ತವೆ ಎಂಬ ನಂಬಿಕೆ ನಮ್ಮ ನಾಡಿನ ಹಲವು ಕಡೆ ಇದೆ. ಇದನ್ನು ಬರಿಯ ಹಳ್ಳಿಯ ಮಾತೆಂದು ತಳ್ಳಿಹಾಕುವ ಮುನ್ನ ವಾಚಕರು ಸುಶ್ರುತಸಂಹಿತೆಯ ಚಿಕಿತ್ಸಾಸ್ಥಾನದ ಏಳನೆಯ ಅಧ್ಯಾಯವನ್ನು ನೋಡಬೇಕು. ಅಶ್ಮರಿಗೆ ಹೇಳಿದ ಔಷಧಗಳಲ್ಲಿ ಕುಲತ್ಥ, ಎಂದರೆ ನಮ್ಮ ಹುರುಳಿ, ಅಲ್ಲಿದೆ. ಬಾಳೆಯನ್ನು ಸುಟ್ಟು ತೆಗೆದ ಕ್ಷಾರವೂ ಅಲ್ಲಿದೆ. ಶಾಸ್ತ್ರದಿಂದ ಅಡುಗೆಮನೆಗೆ ಬಂದಿತೋ ಅಡುಗೆಮನೆಯಿಂದ ಶಾಸ್ತ್ರಕ್ಕೆ ಹೋಯಿತೋ ಎಂಬ ಚರ್ಚೆ ಇಲ್ಲಿ ಬೇಡ. ನಮಗೆ ಮುಖ್ಯವಾದುದು ಆ ಅಧ್ಯಾಯದ ಮುಂದಿನ ಭಾಗ. ಘೃತ, ಕ್ಷಾರ, ಕಷಾಯಗಳಿಂದ ಕಲ್ಲು ಹೋಗದಿದ್ದಾಗ ಶಸ್ತ್ರವೊಂದೇ ದಾರಿಯೆಂದು ಅದೇ ಗ್ರಂಥ ಸ್ಪಷ್ಟವಾಗಿ ಹೇಳುತ್ತದೆ. ಮತ್ತು ಆ ಶಸ್ತ್ರಕ್ಕೆ ಈಡಾಗುವವರು ವಿಶೇಷವಾಗಿ ಬಾಲಕರೆಂದು ನಿದಾನಸ್ಥಾನದಲ್ಲಿಯೇ ಸೂಚಿಸಿರುತ್ತದೆ.

ಮಕ್ಕಳ ಕಲ್ಲಿಗೆ ಯಾವ ಶಸ್ತ್ರಚಿಕಿತ್ಸೆ ಮೇಲು ಎಂಬ ಪ್ರಶ್ನೆ ಈ ಹೊತ್ತಿನ ವೈದ್ಯರದು ಮಾತ್ರವಲ್ಲ. ಅದಕ್ಕೆ ಎರಡು ಸಾವಿರ ವರ್ಷಗಳ ಚರಿತ್ರೆಯುಂಟು. ಆ ಚರಿತ್ರೆಯಲ್ಲಿ ವಿಧಾನಗಳನ್ನು ಹೇಗೆ ಹೋಲಿಸಿದರು, ಹೋಲಿಸುವಾಗ ಯಾವುದನ್ನು ಎಣಿಸಿದರು, ಯಾವುದನ್ನು ಬಿಟ್ಟರು ಎಂಬುದನ್ನು ಪರಿಶೀಲಿಸುವುದೇ ಈ ಲೇಖನದ ಉದ್ದೇಶ. ಚಿಕಿತ್ಸೆಯ ಉಪದೇಶ ನಮ್ಮ ಅಧಿಕಾರವಲ್ಲ.

ಮೊದಲು ಪರಿಭಾಷೆಯ ಒಂದು ಮಾತು. ಕನ್ನಡದಲ್ಲಿ ‘ಮೂತ್ರಕೋಶ’ ಎಂಬ ಶಬ್ದವನ್ನು ಕೆಲವರು ಮೂತ್ರವನ್ನು ಸೋಸುವ ಅಂಗಕ್ಕೂ, ಕೆಲವರು ಮೂತ್ರ ತುಂಬಿ ನಿಲ್ಲುವ ಚೀಲಕ್ಕೂ ಬಳಸುತ್ತಾರೆ. ಪತ್ರಿಕೆಗಳಲ್ಲಿ ಎರಡೂ ಅರ್ಥಗಳು ಒಂದೇ ಪುಟದಲ್ಲಿ ಕಾಣಿಸಿಕೊಳ್ಳುವುದುಂಟು. ಈ ಗೊಂದಲ ಭಾಷೆಯದಷ್ಟೇ ಆಗಿದ್ದರೆ ಸಹಿಸಬಹುದಿತ್ತು. ಆದರೆ ಅದು ಚರಿತ್ರೆಯನ್ನೇ ತಪ್ಪಾಗಿ ಓದಿಸುತ್ತದೆ. ಏಕೆಂದರೆ ಪ್ರಾಚೀನರು ಮಕ್ಕಳಲ್ಲಿ ಕಂಡು ಕತ್ತರಿಸಿ ತೆಗೆದ ಕಲ್ಲು ಚೀಲದ ಕಲ್ಲು. ಇಂದು ನಮ್ಮ ಮಕ್ಕಳಲ್ಲಿ ಹೆಚ್ಚಾಗಿ ಕಾಣುವುದು ಸೋಸುವ ಅಂಗದ ಕಲ್ಲು. ಎರಡರ ಕಾರಣ ಬೇರೆ, ರಚನೆ ಬೇರೆ, ಶಸ್ತ್ರ ಬೇರೆ. ಆದುದರಿಂದ ಈ ಲೇಖನದಲ್ಲಿ ನಾವು ಸೋಸುವ ಅಂಗವನ್ನು ಮೂತ್ರಪಿಂಡವೆಂದೂ, ಚೀಲವನ್ನು ಮೂತ್ರಾಶಯವೆಂದೂ ಕರೆಯುತ್ತೇವೆ. ಸುಶ್ರುತನ ‘ಬಸ್ತಿ’ ಈ ಮೂತ್ರಾಶಯವೇ.

ಸುಶ್ರುತನು ಅಶ್ಮರಿಯನ್ನು ನಾಲ್ಕು ಬಗೆಯಾಗಿ ವಿಂಗಡಿಸುತ್ತಾನೆ: ವಾತದಿಂದ, ಪಿತ್ತದಿಂದ, ಶ್ಲೇಷ್ಮದಿಂದ, ಶುಕ್ರದಿಂದ. ಕೊನೆಯದು ದೊಡ್ಡವರದು, ಮೊದಲ ಮೂರು ಪ್ರಾಯಶಃ ಬಾಲಕರವು. ಹಗಲು ನಿದ್ದೆ, ಉಂಡುದರ ಮೇಲೆ ಮತ್ತೆ ಉಣ್ಣುವುದು, ಶೀತವೂ ಜಿಡ್ಡೂ ಸಿಹಿಯೂ ಆದ ಆಹಾರದ ಮೇಲಣ ಆಸೆ—ಇವು ಅವನು ಕೊಡುವ ಕಾರಣಗಳು. ಈ ಕಾರಣಗಳನ್ನು ಇಂದಿನ ವಿಜ್ಞಾನ ಒಪ್ಪುವುದಿಲ್ಲ. ಆದರೆ ಅವನು ಇದರೊಡನೆ ಹೇಳುವ ಇನ್ನೊಂದು ಮಾತು ಕೈಯಾರೆ ಕೆಲಸಮಾಡಿದವನ ಮಾತು: ಮಕ್ಕಳ ಬಸ್ತಿ ಚಿಕ್ಕದಾಗಿರುವುದರಿಂದಲೂ ಸುತ್ತಣ ಮಾಂಸ ದಪ್ಪವಾಗಿ ಬೆಳೆದಿರುವುದಿಲ್ಲವಾದುದರಿಂದಲೂ ಅವರಲ್ಲಿ ಕಲ್ಲನ್ನು ಹಿಡಿಯುವುದೂ ತೆಗೆಯುವುದೂ ಸುಲಭ. ಮಕ್ಕಳ ಶಸ್ತ್ರ ದೊಡ್ಡವರ ಶಸ್ತ್ರಕ್ಕಿಂತ ಸುಗಮವಾದುದು ಎಂಬ ಈ ಗಮನಿಕೆಯನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದೆ ನಮ್ಮ ವಾದವೆಲ್ಲ ಇದರ ಸುತ್ತ ತಿರುಗುತ್ತದೆ.

ಅವನು ವರ್ಣಿಸುವ ವಿಧಾನ ಸಂಕ್ಷೇಪವಾಗಿ ಹೀಗಿದೆ. ಬಲಿಷ್ಠನೂ ಧೈರ್ಯವಂತನೂ ಆದವನೊಬ್ಬನ ತೊಡೆಯ ಮೇಲೆ ರೋಗಿಯ ಮೈಯನ್ನು ಒರಗಿಸಿ, ಮೊಣಕಾಲು ಮೊಣಕೈಗಳನ್ನು ಮಡಿಸಿ ಕಟ್ಟುತ್ತಾರೆ. ಹೊಕ್ಕುಳ ಕೆಳಗೆ ಒತ್ತಿ ಕಲ್ಲನ್ನು ಇಳಿಸುತ್ತಾರೆ. ವೈದ್ಯನು ಎಡಗೈಯ ಎರಡು ಬೆರಳುಗಳನ್ನು ಗುದದೊಳಗೆ ಸೇರಿಸಿ ಕಲ್ಲನ್ನು ಗಂಟಿನಂತೆ ಮುಂದಕ್ಕೆ ಉಬ್ಬಿಸಿ ಹಿಡಿಯುತ್ತಾನೆ. ಸೇವನಿಯೆಂಬ ನಡುಗೆರೆಯ ಎಡಕ್ಕೆ ಒಂದು ಜವೆಯಷ್ಟು ಬಿಟ್ಟು, ಕಲ್ಲಿನ ಗಾತ್ರಕ್ಕೆ ತಕ್ಕಷ್ಟು ಸೀಳಿ, ತುದಿ ಬಾಗಿದ ಸಾಧನದಿಂದ ಕಲ್ಲನ್ನು ಎತ್ತುತ್ತಾನೆ. ಚೂರು ಉಳಿಯಕೂಡದು, ಉಳಿದ ಚೂರು ಮತ್ತೆ ಬೆಳೆಯುತ್ತದೆ ಎಂದು ಎಚ್ಚರಿಸುತ್ತಾನೆ. ಅನಂತರ ರೋಗಿಯನ್ನು ಬಿಸಿನೀರಿನ ತೊಟ್ಟಿಯಲ್ಲಿ ಕುಳ್ಳಿರಿಸುತ್ತಾರೆ. ಶಸ್ತ್ರ ತಾಗಬಾರದ ಎಂಟು ಎಡೆಗಳನ್ನು ಎಣಿಸಿ, ಶುಕ್ರವಹ ಸ್ರೋತಸ್ಸು ಕಡಿದರೆ ಆಗುವ ಅನರ್ಥವನ್ನೂ ಹೇಳುತ್ತಾನೆ.

ಇದೆಲ್ಲದರ ಮುನ್ನ ಒಂದು ನಿಬಂಧನೆಯಿದೆ. ಶಸ್ತ್ರ ಮಾಡದಿದ್ದರೆ ಮರಣ ನಿಶ್ಚಿತ, ಮಾಡಿದರೆ ಫಲ ಸಂಶಯ. ಆದುದರಿಂದ ಒಡೆಯನಿಗೆ ತಿಳಿಸಿ ಅಪ್ಪಣೆ ಪಡೆದೇ ಕೆಲಸಕ್ಕೆ ಕೈಹಾಕಬೇಕು ಎನ್ನುತ್ತಾನೆ ಸುಶ್ರುತ. ಮೂಲದ ‘ಈಶ್ವರ’ ಶಬ್ದಕ್ಕೆ ಅರಸನೆಂದು ಅರ್ಥಮಾಡುವುದು ರೂಢಿ. ಇಲ್ಲಿ ಎರಡು ಫಲಗಳನ್ನು ತೂಗಿನೋಡುವ ಪ್ರಯತ್ನ ಸ್ಪಷ್ಟವಾಗಿ ಕಾಣುತ್ತದೆ: ಮಾಡುವುದಕ್ಕೂ ಮಾಡದಿರುವುದಕ್ಕೂ ನಡುವಣ ತುಲನೆ. ರೋಗಿಯು ತನ್ನ ಒಪ್ಪಿಗೆಯನ್ನು ತಾನೇ ಹೇಳಲಾರದ ಮಗುವಾಗಿರುವಾಗ ಈ ಅಪ್ಪಣೆಯ ಮಾತಿಗೆ ಇನ್ನಷ್ಟು ತೂಕ ಬರುತ್ತದೆಂದು ನಮ್ಮ ಅಭಿಪ್ರಾಯ.

ರೋಮಿನ ಸೆಲ್ಸಸ್ ಕ್ರಿಸ್ತಶಕದ ಮೊದಲ ಶತಮಾನದಲ್ಲಿ ಬರೆದ ವೈದ್ಯಗ್ರಂಥದ ಏಳನೆಯ ಭಾಗದಲ್ಲಿ ಇದೇ ಶಸ್ತ್ರ ಬರುತ್ತದೆ. ಅಲ್ಲಿಯೂ ಬಲಿಷ್ಠನೊಬ್ಬ ಹುಡುಗನನ್ನು ತೊಡೆಯ ಮೇಲೆ ಹಿಡಿಯುತ್ತಾನೆ. ಅಲ್ಲಿಯೂ ಎರಡು ಬೆರಳುಗಳು ಕಲ್ಲನ್ನು ಮುಂದಕ್ಕೆ ತರುತ್ತವೆ. ಒಂಬತ್ತಕ್ಕೆ ಕಡಮೆಯಿಲ್ಲದ, ಹದಿನಾಲ್ಕಕ್ಕೆ ಹೆಚ್ಚಿಲ್ಲದ ವಯಸ್ಸಿನವರಲ್ಲಿ ಮಾತ್ರ, ಅದೂ ವಸಂತಕಾಲದಲ್ಲಿ, ಇದನ್ನು ಮಾಡಬೇಕೆಂದು ಅವನ ನಿಯಮ. ಹೋಲಿಕೆ ಇಷ್ಟು ನಿಕಟವಾಗಿರುವುದನ್ನು ಕಂಡು ಒಬ್ಬರಿಂದ ಒಬ್ಬರು ಕಲಿತರೆಂದು ಸಾರಿದ ವಿದ್ವಾಂಸರು ಎರಡು ಪಕ್ಷಗಳಲ್ಲಿಯೂ ಇದ್ದಾರೆ. ನಾವು ಅಷ್ಟು ದೂರ ಹೋಗಲಾರೆವು. ಬೆರಳಿಗೆ ಎಟುಕುವ ಕಲ್ಲು, ಬೆರಳಷ್ಟೇ ಸಾಧನ ಎಂಬ ಸ್ಥಿತಿಯಲ್ಲಿ ಎರಡು ದೇಶಗಳ ವೈದ್ಯರು ಒಂದೇ ಉಪಾಯವನ್ನು ಕಂಡುಕೊಂಡಿರಬಹುದು. ಬೆರಳು ಎಟುಕುವುದು ಹುಡುಗರಲ್ಲಿಯೇ. ಬೆಳೆದವರಲ್ಲಿ ಅದು ಕಷ್ಟ. ವಯಸ್ಸಿನ ನಿಯಮ ಹುಟ್ಟಿದ್ದು ಹೀಗೆ. ಹಿಪೊಕ್ರಾಟೀಸನ ಹೆಸರಿನ ಪ್ರತಿಜ್ಞೆಯಾದರೋ ವೈದ್ಯನು ಕಲ್ಲಿಗೆ ಕತ್ತಿ ಹಾಕಕೂಡದು, ಅದನ್ನು ಆ ಕಸಬಿನವರಿಗೆ ಬಿಡಬೇಕು ಎಂದು ವಿಧಿಸಿತು.

ಕನ್ನಡನಾಡಿನಲ್ಲಿ ವೈದ್ಯವಿದ್ಯೆಗೆ ಆಶ್ರಯವಿದ್ದುದಕ್ಕೆ ಶಾಸನಾಧಾರಗಳುಂಟು. ಬಳ್ಳಿಗಾವೆಯ ಕೋಡಿಯಮಠ ದೀನರೂ ಅನಾಥರೂ ಆದ ರೋಗಿಗಳ ಚಿಕಿತ್ಸೆಯ ಸ್ಥಾನವಾಗಿತ್ತೆಂದು ೧೧೬೨ರ ಶಾಸನ ಹೇಳುತ್ತದೆ. ಬೇಲೂರಿನ ದೇವಾಲಯ ಪ್ರತಿಷ್ಠೆಯಾದ ಶತಮಾನದಲ್ಲಿಯೇ ಜಗದ್ದಳ ಸೋಮನಾಥನು ಪೂಜ್ಯಪಾದರ ವೈದ್ಯಗ್ರಂಥವನ್ನು ‘ಕರ್ಣಾಟಕ ಕಲ್ಯಾಣಕಾರಕ’ವಾಗಿ ಕನ್ನಡಕ್ಕೆ ತಂದನು, ಮದ್ಯ, ಮಾಂಸ, ಮಧುಗಳನ್ನು ಬಿಟ್ಟ ಜೈನ ಚಿಕಿತ್ಸಾಕ್ರಮ ಅದರದು. ಇವು ಔಷಧಪರಂಪರೆಯ ಗುರುತುಗಳು. ಸುಶ್ರುತನ ಶಸ್ತ್ರಪರಂಪರೆ ಮಾತ್ರ ಮಧ್ಯಯುಗದಲ್ಲಿ ಪಂಡಿತರ ಕೈಯಿಂದ ಜಾರಿ, ಅಲ್ಲಲ್ಲಿ ಕುಲಕಸಬಿನವರ ಕೈಯಲ್ಲಿ ಉಳಿಯಿತು.

ಇನ್ನು ತುಲನೆಯ ಚರಿತ್ರೆಗೆ ಬರೋಣ. ಸಂಖ್ಯೆಗಳಿಂದ ಹೋಲಿಸುವ ಪದ್ಧತಿಗೆ ನಮಗೆ ದೊರೆಯುವ ಬಹು ಉಪಯುಕ್ತವಾದ ಹಳೆಯ ಉದಾಹರಣೆ ಲಂಡನ್ನಿನ ವಿಲಿಯಂ ಚೆಸೆಲ್ಡನ್ ಎಂಬ ಶಸ್ತ್ರವೈದ್ಯನದು. ೧೭೨೭ರಲ್ಲಿ ಅವನು ಮೂತ್ರಾಶಯವನ್ನು ಪಕ್ಕದಿಂದ ಸೀಳುವ ತನ್ನ ವಿಧಾನವನ್ನು ಸಂತ ಥಾಮಸನ ಆಸ್ಪತ್ರೆಯಲ್ಲಿ ಆರಂಭಿಸಿದನು. ಅರಿವಳಿಕೆಯಿಲ್ಲದ ಕಾಲ, ಒಂದು ನಿಮಿಷದೊಳಗೆ ಕಲ್ಲನ್ನು ಹೊರತೆಗೆಯುವ ಅವನ ಚುರುಕು ಪ್ರಸಿದ್ಧವಾಗಿತ್ತು. ತನ್ನ ಅಂಗರಚನಾ ಗ್ರಂಥದ ಮುಂದಿನ ಮುದ್ರಣದಲ್ಲಿ ಅವನು ಒಟ್ಟು ೨೧೩ ಜನರ ಲೆಕ್ಕವನ್ನು ಕೊಟ್ಟಿದ್ದಾನೆ. ಸತ್ತವರು ೨೦. ಹತ್ತು ವರ್ಷದೊಳಗಿನವರು ೧೦೫, ಅವರಲ್ಲಿ ಸತ್ತವರು ೩. ಹತ್ತರಿಂದ ಇಪ್ಪತ್ತರವರೆಗಿನವರು ೬೨, ಸತ್ತವರು ೪. ಉಳಿದ ೪೬ ಜನ ಇಪ್ಪತ್ತು ದಾಟಿದವರು. ಅವರಲ್ಲಿ ೧೩ ಜನ ಸತ್ತರು.

ಈ ಅಂಕಿಗಳ ಮುಂದೆ ವಿದ್ಯಾರ್ಥಿಗಳು ಸ್ವಲ್ಪ ಹೊತ್ತು ನಿಲ್ಲಬೇಕು. ಒಟ್ಟು ಮರಣ ನೂರಕ್ಕೆ ಸುಮಾರು ಒಂಬತ್ತೂವರೆ. ಆದರೆ ಎಳೆಯ ಮಕ್ಕಳಲ್ಲಿ ಅದು ನೂರಕ್ಕೆ ಮೂರು, ದೊಡ್ಡವರಲ್ಲಿ ಇಪ್ಪತ್ತೆಂಟು. ಶಸ್ತ್ರ ಒಂದೇ, ಕೈ ಒಂದೇ, ಆಸ್ಪತ್ರೆ ಒಂದೇ. ಫಲದಲ್ಲಿ ಮಾತ್ರ ಒಂಬತ್ತುಪಟ್ಟಿಗಿಂತ ಹೆಚ್ಚಿನ ಅಂತರ. ಅವನ ರೋಗಿಗಳಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ಮಂದಿ ಇಪ್ಪತ್ತರೊಳಗಿನವರಾಗಿದ್ದುದರಿಂದಲೇ ಒಟ್ಟು ಲೆಕ್ಕ ಅಷ್ಟು ಸುಂದರವಾಗಿ ಕಾಣುತ್ತದೆ. ಇನ್ನೊಬ್ಬ ವೈದ್ಯನು ವೃದ್ಧರನ್ನೇ ಹೆಚ್ಚಾಗಿ ಕತ್ತರಿಸಿ ಇದಕ್ಕಿಂತ ಕೆಟ್ಟ ಮೊತ್ತವನ್ನು ತೋರಿಸಿದರೆ ಅವನ ವಿಧಾನ ಕೀಳೆಂದು ಹೇಳಲು ಬರುವುದಿಲ್ಲ.

ಚೆಸೆಲ್ಡನ್ ಇದನ್ನು ಅರಿಯದವನೇನಲ್ಲ. ಮೊದಲ ಐವತ್ತರಲ್ಲಿ ಮೂವರು, ಎರಡನೆಯ ಐವತ್ತರಲ್ಲಿ ಮೂವರು, ಮೂರನೆಯ ಐವತ್ತರಲ್ಲಿ ಎಂಟು, ಕೊನೆಯ ಅರವತ್ತಮೂರರಲ್ಲಿ ಆರು ಎಂದು ಬಿಡಿಸಿ ಕೊಟ್ಟು, ಮೊದಮೊದಲು ಬಹಳ ಕೆಟ್ಟ ಸ್ಥಿತಿಯ ರೋಗಿಗಳು ಬರಲಿಲ್ಲ, ಹೆಸರು ಹರಡಿದ ಮೇಲೆ ಮುದುಕರೂ ಆಸೆಬಿಟ್ಟವರೂ ಬಂದರು ಎಂದು ತಾನೇ ಕಾರಣ ಹೇಳುತ್ತಾನೆ. ಪ್ರಾಮಾಣಿಕನಾದ ಬರೆಹಗಾರ. ಆದರೆ ಅದೇ ಲೆಕ್ಕದಲ್ಲಿ, ಶಸ್ತ್ರವಾದ ಮೇಲೆ ಗಾಯ ಮಾಯುವ ಅವಧಿಯಲ್ಲಿ ಸಿಡುಬು ತಗಲಿ ಸತ್ತವರನ್ನು ಅವನು ಸೇರಿಸಲಿಲ್ಲ. ಸಿಡುಬಿನಿಂದ ಸಾಮಾನ್ಯವಾಗಿ ಸಾಯುವವರಿಗಿಂತ ಅವರು ಹೆಚ್ಚಲ್ಲವೆಂಬುದು ಅವನ ಸಮಾಧಾನ. ಆ ಕಾಲದಲ್ಲಿ ಸಿಡುಬು ಮುಖ್ಯವಾಗಿ ಮಕ್ಕಳ ರೋಗ. ಆಸ್ಪತ್ರೆಯಲ್ಲಿ ವಾರಗಟ್ಟಲೆ ಮಲಗಿದ್ದುದರಿಂದಲೇ ಅದು ಕೆಲವರಿಗೆ ತಗಲಿರಬಹುದು. ನೂರಕ್ಕೆ ಮೂರು ಎಂಬ ಅಂಕಿಯನ್ನು ಉದ್ಧರಿಸುವವರು ಈ ಟಿಪ್ಪಣಿಯನ್ನು ಬಿಟ್ಟುಬಿಡುವುದು ಸರಿಯಲ್ಲ.

ಮುಂದಿನ ಹಂತ ಪ್ಯಾರಿಸಿನದು. ೧೮೨೪ರಲ್ಲಿ ಸಿವಿಯಾಲ್ ಎಂಬ ವೈದ್ಯನು ಮೂತ್ರದ್ವಾರದ ಮೂಲಕವೇ ಸಾಧನವನ್ನು ತೂರಿಸಿ, ಸೀಳದೆ, ಕಲ್ಲನ್ನು ಒಳಗೇ ಒಡೆದನು. ೧೮೩೫ರಲ್ಲಿ ಅವನು ಸೀಳುವ ಮತ್ತು ಒಡೆಯುವ ವಿಧಾನಗಳ ಮರಣಸಂಖ್ಯೆಗಳನ್ನು ಹೋಲಿಸಿ ಪ್ಯಾರಿಸಿನ ವಿಜ್ಞಾನ ಅಕಾಡೆಮಿಯ ಮುಂದಿಟ್ಟಾಗ ಒಂದು ಸಮಿತಿ ಅದನ್ನು ವಿಮರ್ಶಿಸಿತು. ಗಣಿತಜ್ಞನಾದ ಪ್ವಾಸಾನ್ ಆ ಸಮಿತಿಯಲ್ಲಿದ್ದನು. ಸಂಖ್ಯಾಶಾಸ್ತ್ರದಲ್ಲಿ ವ್ಯಕ್ತಿ ಮರೆಯಾಗುತ್ತಾನೆ, ವೈದ್ಯದಲ್ಲಿಯಾದರೋ ಎದುರಿಗಿರುವ ಒಬ್ಬ ವ್ಯಕ್ತಿಯೇ ವಿಷಯ ಎಂಬುದು ಸಮಿತಿಯ ಆಕ್ಷೇಪದ ಸಾರ. ಆಕ್ಷೇಪಕ್ಕೆ ಇನ್ನೊಂದು ಮುಖವೂ ಉಂಟು: ಒಡೆಯುವ ವಿಧಾನಕ್ಕೆ ಆರಿಸಿಕೊಂಡವರು ಚಿಕ್ಕ ಕಲ್ಲಿನ, ಗಟ್ಟಿ ಮೈಯ ದೊಡ್ಡವರು. ಮಕ್ಕಳು ಆ ತುಲನೆಯ ಹೊರಗೇ ಉಳಿದರು. ಅವರ ಮೂತ್ರದ್ವಾರ ಸಣ್ಣದು. ಅರಿವಳಿಕೆಯಿಲ್ಲದೆ ಹಲವು ಸಲ ಸಾಧನವನ್ನು ತೂರಿಸಲು ಅವರು ಅಲುಗಾಡದೆ ಇರಲಾರರು. ಅದೂ ಅಲ್ಲದೆ, ಸೀಳುವ ವಿಧಾನದಲ್ಲಿ ಮಕ್ಕಳು ಸಾಯುವುದು ಕಡಮೆಯೆಂದು ಚೆಸೆಲ್ಡನನ ಅಂಕಿಗಳೇ ಹೇಳುತ್ತಿದ್ದವು. ಹೀಗೆ ಮಕ್ಕಳ ಸಹನಶಕ್ತಿಯೇ ಅವರಿಗೆ ಹೊಸ ವಿಧಾನದ ಬಾಗಿಲನ್ನು ಅರ್ಧ ಶತಮಾನ ಮುಚ್ಚಿಹಾಕಿತು.

ಈ ಬಾಗಿಲನ್ನು ತೆರೆದವರು ಹಿಂದೂಸ್ಥಾನದಲ್ಲಿ ಕೆಲಸಮಾಡುತ್ತಿದ್ದ ವೈದ್ಯರೆಂಬುದು ನಮ್ಮ ಪಠ್ಯಪುಸ್ತಕಗಳಲ್ಲಿ ಬರಬೇಕಾದ ಸಂಗತಿ. ೧೮೭೮ರಲ್ಲಿ ಬೋಸ್ಟನ್ನಿನ ಬಿಗೆಲೋ ಎಂಬವನು ಈಥರಿನ ಅರಿವಳಿಕೆಯಲ್ಲಿ ಕಲ್ಲನ್ನು ಒಂದೇ ಸಲಕ್ಕೆ ಪೂರ್ತಿ ಪುಡಿಮಾಡಿ, ಆ ಪುಡಿಯನ್ನು ಅಗಲವಾದ ನಳಿಗೆಯಿಂದ ಹೀರಿ ತೆಗೆಯುವ ಕ್ರಮವನ್ನು ಪ್ರಕಟಿಸಿದನು. ಇದನ್ನು ಲಿಥೊಲಪಾಕ್ಸಿ ಎಂದರು. ನಳಿಗೆ ಅಗಲವಾಗಿರಬೇಕಾದುದರಿಂದ ಇದು ಹುಡುಗರಿಗೆ ಹೊಂದದೆಂದು ಯೂರೋಪಿನಲ್ಲಿ ಎಲ್ಲರೂ ತಿಳಿದರು. ಇಂದೂರಿನ ರೆಸಿಡೆನ್ಸಿಯ ಶಸ್ತ್ರವೈದ್ಯನಾಗಿದ್ದ ಕೀಗನ್ ಈ ತಿಳಿವಳಿಕೆಯನ್ನು ಒಪ್ಪಲಿಲ್ಲ. ಮಕ್ಕಳ ಅಳತೆಗೆ ತಕ್ಕ ಸಾಧನಗಳನ್ನು ಬಳಸಿ ೧೮೮೦ರ ದಶಕದಲ್ಲಿ ಅವನು ಹುಡುಗರಲ್ಲಿಯೂ ಇದನ್ನು ನಡೆಸಿದನು. ಬಾಲಕರಲ್ಲಿಯೂ ವಯಸ್ಕ ಪುರುಷರಲ್ಲಿಯೂ ಲಿಥೊಲಪಾಕ್ಸಿಯನ್ನು ಕುರಿತ ಅವನ ಪುಸ್ತಕ ೧೮೮೭ರಲ್ಲಿ ಹೊರಬಂದಿತು. ಅದೇ ಸೇವೆಯಲ್ಲಿದ್ದ ಫ್ರೇಯರನೂ ಈ ವಿಧಾನದಲ್ಲಿ ಬಹಳ ಕೆಲಸಮಾಡಿದನು.

ಕೀಗನನ ಕಾಲದ ವಾದದ ಮುಖ್ಯ ಅಂಶ ಮರಣಸಂಖ್ಯೆಯಲ್ಲ. ಸೀಳುವುದರಿಂದ ಹುಡುಗರು ಸಾಯುತ್ತಿದ್ದುದು ಕಡಮೆಯೇ ಆಗಿತ್ತು. ಆದರೆ ಬದುಕಿದವರ ಪಾಡೇನು? ಗಾಯದಿಂದ ಮೂತ್ರ ಸೋರುತ್ತ ಉಳಿಯುವುದು, ಮೂತ್ರವನ್ನು ಹಿಡಿದಿಡಲಾಗದಿರುವುದು, ಶುಕ್ರನಾಳ ಕಡಿದು ಮುಂದೆ ಸಂತಾನವಾಗದಿರುವುದು—ಇವು ಆಸ್ಪತ್ರೆಯಿಂದ ಬಿಡುಗಡೆಯಾದ ದಿನದ ಲೆಕ್ಕದಲ್ಲಿ ಕಾಣುವುದಿಲ್ಲ. ಎಂಟು ವರ್ಷದ ಹುಡುಗನಿಗೆ ಸಂತಾನಶಕ್ತಿ ಹೋಯಿತೆಂಬುದು ತಿಳಿಯಬೇಕಾದರೆ ಇನ್ನು ಹದಿನೈದು ವರ್ಷ ಬೇಕು. ಅಷ್ಟರಲ್ಲಿ ಆಸ್ಪತ್ರೆಯ ಪುಸ್ತಕ ಮುಚ್ಚಿರುತ್ತದೆ. ಸುಶ್ರುತನು ಶುಕ್ರವಹ ಸ್ರೋತಸ್ಸನ್ನು ಎಂಟು ಎಡೆಗಳಲ್ಲಿ ಒಂದಾಗಿ ಎಣಿಸಿದ್ದನ್ನು ಇಲ್ಲಿ ನೆನೆಯಬೇಕು. ಯಾವ ಫಲವನ್ನು ಎಷ್ಟು ಕಾಲದವರೆಗೆ ಎಣಿಸಬೇಕು ಎಂಬ ಪ್ರಶ್ನೆ, ನಮ್ಮ ದೃಷ್ಟಿಯಲ್ಲಿ, ಸೀಳುವುದೋ ಒಡೆಯುವುದೋ ಎಂಬ ಪ್ರಶ್ನೆಗಿಂತ ದೊಡ್ಡದು.

ಹಿಂದೂಸ್ಥಾನದಲ್ಲಿ ಇಷ್ಟೊಂದು ಮಕ್ಕಳಿಗೆ ಕಲ್ಲು ಏಕೆ ಆಗುತ್ತಿತ್ತು? ರಾಬರ್ಟ್ ಮೆಕ್‌ಕ್ಯಾರಿಸನ್ ನೀಲಗಿರಿಯ ಕೂನೂರಿನ ತನ್ನ ಪ್ರಯೋಗಶಾಲೆಯಲ್ಲಿ ಇಲಿಗಳಿಗೆ ಬೇರೆಬೇರೆ ಆಹಾರಗಳನ್ನು ಕೊಟ್ಟು ಇದನ್ನು ಪರೀಕ್ಷಿಸಿದನು. ೧೯೩೧ರಲ್ಲಿ ಫಲಿತಾಂಶವನ್ನು ಪ್ರಕಟಿಸಿದನು. ಧಾನ್ಯವೇ ಪ್ರಧಾನವಾಗಿ, ಎ ಜೀವಸತ್ವ ಕಡಮೆಯಾದ ಆಹಾರದಲ್ಲಿ ಕಲ್ಲು ಹುಟ್ಟುತ್ತಿತ್ತು. ಹಾಲು ಸೇರಿದರೆ ತಪ್ಪುತ್ತಿತ್ತು. ವಾಯವ್ಯದ ಪಂಜಾಬು ಸಿಂಧಗಳಲ್ಲಿ ಕಲ್ಲು ಬಹಳ, ದಕ್ಷಿಣದಲ್ಲಿ ವಿರಳ ಎಂಬುದನ್ನೂ ಅವನು ತೋರಿಸಿದನು. ಅನಂತರದ ಸಂಶೋಧಕರು ಜೀವಸತ್ವಕ್ಕಿಂತ ರಂಜಕಾಂಶದ ಕೊರತೆ, ಭೇದಿಯಿಂದ ಮೈಯ ನೀರು ಆರುವುದು, ಎಳೆಗೂಸಿಗೆ ಬೇಗನೆ ಬರಿಯ ಧಾನ್ಯದ ಗಂಜಿ ಹಿಡಿಸುವುದು ಇವುಗಳಿಗೆ ಹೆಚ್ಚು ಒತ್ತು ಕೊಟ್ಟರು. ಬಡತನದ ಕಲ್ಲು ಎಂದರೆ ತಪ್ಪಾಗದು. ಯೂರೋಪಿನಲ್ಲಿ ಇಪ್ಪತ್ತನೆಯ ಶತಮಾನದ ಆರಂಭಕ್ಕೆ, ನಮ್ಮಲ್ಲಿ ಆ ಶತಮಾನದ ಉತ್ತರಾರ್ಧದಲ್ಲಿ, ಊಟ ಸುಧಾರಿಸಿದಂತೆ ಮಕ್ಕಳ ಮೂತ್ರಾಶಯದ ಕಲ್ಲು ಹಿಂದೆ ಸರಿಯಿತು. ಯಾವ ಶಸ್ತ್ರವೈದ್ಯನ ಕೈಯೂ ಮಾಡದ ಕೆಲಸವನ್ನು ಹಾಲಿನ ಬಟ್ಟಲು ಮಾಡಿತು. ಬೆಂಗಳೂರಿನಲ್ಲಿ ೧೯೦೦ರ ಡಿಸೆಂಬರಿನಲ್ಲಿ ಲಾರ್ಡ್ ಕರ್ಜನ್ ವಿಕ್ಟೋರಿಯಾ ಆಸ್ಪತ್ರೆಯನ್ನು ತೆರೆದಾಗಲೂ, ೧೯೨೪ರಲ್ಲಿ ಮೈಸೂರು ಸಂಸ್ಥಾನ ವೈದ್ಯಕಾಲೇಜನ್ನು ಸ್ಥಾಪಿಸಿದಾಗಲೂ, ಮಕ್ಕಳ ಕಲ್ಲೆಂದರೆ ವೈದ್ಯರಿಗೆ ಮೊದಲು ನೆನಪಾಗುತ್ತಿದ್ದುದು ಮೂತ್ರಾಶಯದ ಕಲ್ಲೇ. ಇಂದಿನ ವಿದ್ಯಾರ್ಥಿಗೆ ನೆನಪಾಗುವುದು ಮೂತ್ರಪಿಂಡದ ಕಲ್ಲು.

ಮೂತ್ರಪಿಂಡದ ಶಸ್ತ್ರಕ್ಕೆ ದೀರ್ಘವಾದ ಚರಿತ್ರೆಯಿಲ್ಲ. ಬೆರಳಿಗೆ ಎಟುಕದ ಆಳದಲ್ಲಿರುವ ಆ ಅಂಗವನ್ನು ಮುಟ್ಟಲು ಅರಿವಳಿಕೆಯೂ ನಂಜುನಿವಾರಣೆಯೂ ಬರಬೇಕಾಯಿತು. ೧೮೮೦ರಲ್ಲಿ ಲಂಡನ್ನಿನ ಹೆನ್ರಿ ಮಾರಿಸ್ ಹತ್ತೊಂಬತ್ತು ವರ್ಷದ ತರುಣಿಯೊಬ್ಬಳ ಮೂತ್ರಪಿಂಡವನ್ನು ಉಳಿಸಿಕೊಂಡು ಅದರೊಳಗಿನ ಕಲ್ಲನ್ನು ಮಾತ್ರ ತೆಗೆದನು. ಯುವಜನರ ಮೂತ್ರಪಿಂಡದ ಕಲ್ಲಿನ ಚರಿತ್ರೆಗೆ ಇದನ್ನು ಆರಂಭವೆಂದು ಹಿಡಿಯಬಹುದು. ೧೮೯೬ರಲ್ಲಿ ಗ್ಲಾಸ್ಗೋದ ಮೆಕಿಂಟೈರ್ ಕ್ಷಕಿರಣದಿಂದ ಮೂತ್ರಪಿಂಡದ ಕಲ್ಲಿನ ಚಿತ್ರ ತೆಗೆದನು. ಅಲ್ಲಿಂದ ಮುಂದೆ ಕತ್ತರಿಸುವ ಮುನ್ನವೇ ಕಲ್ಲನ್ನು ಕಾಣುವುದು ಸಾಧ್ಯವಾಯಿತು. ಆದರೂ ಪಿಂಡವನ್ನು ಸೀಳಿದರೆ ರಕ್ತ ಬಹಳ ಹೋಗುತ್ತಿತ್ತು, ಒಳಗಣ ಮಾಂಸವೂ ನಷ್ಟವಾಗುತ್ತಿತ್ತು. ಮಗುವಿಗೆ ಇದು ದೊಡ್ಡ ನಷ್ಟ. ಅರವತ್ತರವನಿಗೆ ಹತ್ತು ಹದಿನೈದು ವರ್ಷ ಸಾಕಾಗುವ ಪಿಂಡ ಆರರವನಿಗೆ ಎಪ್ಪತ್ತು ವರ್ಷ ಬಾಳಬೇಕು. ಬಾರ್ಸಿಲೋನದ ಗಿಲ್-ವರ್ನೆ ೧೯೬೫ರಲ್ಲಿ ಪ್ರಕಟಿಸಿದ, ಪಿಂಡದ ಮಾಂಸವನ್ನು ಸೀಳದೆ ಅದರ ಕುಳಿಯ ದಾರಿಯಿಂದ ಒಳಹೋಗುವ ವಿಧಾನಕ್ಕೆ ಬೆಲೆ ಬಂದದ್ದು ಇದರಿಂದ.

ಅನಂತರದ ಇಪ್ಪತ್ತೈದು ವರ್ಷಗಳಲ್ಲಿ ಎಲ್ಲವೂ ಬದಲಾಯಿತು. ೧೯೭೬ರಲ್ಲಿ ಸ್ವೀಡನ್ನಿನ ಫರ್ನ್‌ಸ್ಟ್ರಾಮ್ ಮತ್ತು ಯೋಹಾನ್ಸನ್ ಬೆನ್ನಿನಿಂದ ಪಿಂಡದೊಳಕ್ಕೆ ಒಂದು ನಳಿಗೆಯಷ್ಟೇ ಅಗಲದ ದಾರಿ ಮಾಡಿ ಕಲ್ಲನ್ನು ತೆಗೆದರು; ಇದೇ ಇಂದು ಪಿ.ಸಿ.ಎನ್.ಎಲ್. ಎಂದು ಆಸ್ಪತ್ರೆಗಳಲ್ಲಿ ಕರೆಯುವ ವಿಧಾನ. ೧೯೮೦ರ ಫೆಬ್ರವರಿ ೭ರಂದು ಮ್ಯೂನಿಕ್ಕಿನಲ್ಲಿ ಮೊದಲ ರೋಗಿಗೆ ಲಿಥೊಟ್ರಿಪ್ಸಿಯಾಯಿತು. ಮೈಯ ಹೊರಗೆ ಹುಟ್ಟಿಸಿದ ಆಘಾತ ತರಂಗಗಳು ನೀರಿನ ಮೂಲಕ ಸಾಗಿ ಒಳಗಣ ಕಲ್ಲನ್ನು ಒಡೆದವು. ಆ ಮೊದಲ ಯಂತ್ರಗಳಲ್ಲಿ ರೋಗಿಯನ್ನು ನೀರಿನ ತೊಟ್ಟಿಯಲ್ಲಿ ಇಳಿಸುತ್ತಿದ್ದರು. ಸುಶ್ರುತನ ತೊಟ್ಟಿಗೂ ಇದಕ್ಕೂ ಸಂಬಂಧ ಕಲ್ಪಿಸುವ ಉತ್ಸಾಹಿಗಳು ಹುಟ್ಟದಿರಲೆಂದು ಹಾರೈಸುತ್ತೇವೆ. ಮೂರನೆಯದಾಗಿ, ಮೂತ್ರದ್ವಾರದಿಂದಲೇ ಮೇಲಕ್ಕೆ ಮೂತ್ರನಾಳದ ಮೂಲಕ ಸಪೂರವಾದ ದರ್ಶಕವನ್ನು ಏರಿಸಿ ಲೇಸರಿನಿಂದ ಕಲ್ಲನ್ನು ಪುಡಿಮಾಡುವ ಕ್ರಮ.

ಮೂರರ ಚರಿತ್ರೆಯಲ್ಲಿಯೂ ಮಕ್ಕಳು ದೊಡ್ಡವರ ಬೆನ್ನಹಿಂದೆ ಬಂದರು. ಮಕ್ಕಳಲ್ಲಿ ಪಿ.ಸಿ.ಎನ್.ಎಲ್. ವರದಿಯಾದುದು ೧೯೮೫ರಲ್ಲಿ, ಲಿಥೊಟ್ರಿಪ್ಸಿ ೧೯೮೬ರಲ್ಲಿ. ಮತ್ತೆ ಅಳತೆಯ ಪ್ರಶ್ನೆಯೇ ಅಡ್ಡಬಂದಿತು. ದೊಡ್ಡವರಿಗೆ ಬಳಸುವ ನಳಿಗೆ ಮೂವತ್ತು ಫ್ರೆಂಚ್, ಎಂದರೆ ಹತ್ತು ಮಿಲಿಮೀಟರಿನವರೆಗೆ ಅಗಲ. ಅದನ್ನು ಮೂರು ವರ್ಷದ ಮಗುವಿನ ಪಿಂಡದೊಳಕ್ಕೆ ತೂರಿಸುವುದೆಂದರೆ ಪಿಂಡದ ಗಣನೀಯ ಭಾಗವನ್ನೇ ತೂತುಮಾಡಿದಂತೆ. ೧೯೯೮ರಲ್ಲಿ ಜ್ಯಾಕ್‌ಮನ್ ಮತ್ತು ಸಂಗಡಿಗರು ಎಳೆಯ ಮಕ್ಕಳಿಗೆಂದೇ ಹನ್ನೊಂದು ಫ್ರೆಂಚ್, ಎಂದರೆ ನಾಲ್ಕು ಮಿಲಿಮೀಟರಿಗೂ ಕಡಮೆಯ ನಳಿಗೆಯನ್ನು ಬಳಸಿದರು. ೨೦೧೧ರಲ್ಲಿ ಗುಜರಾತಿನ ನಡಿಯಾದಿನ ಮೂತ್ರಾಂಗ ಆಸ್ಪತ್ರೆಯ ವೈದ್ಯರು ಐದು ಫ್ರೆಂಚಿಗೂ ಕಡಮೆಯಾದ, ಸೂಜಿಯೆಂದೇ ಹೇಳಬಹುದಾದ ಸಾಧನದಿಂದ ಮಾಡಿದ ಶಸ್ತ್ರದ ಮೊದಲ ವರದಿಯನ್ನು ಪ್ರಕಟಿಸಿದರು. ಇಂದೂರಿನ ಕೀಗನನ ಉಪಾಯವೂ ಇದೇ ಆಗಿತ್ತು: ಮಗುವನ್ನು ವಿಧಾನದಿಂದ ಹೊರಗಿಡದೆ ಸಾಧನವನ್ನು ಮಗುವಿನ ಅಳತೆಗೆ ಇಳಿಸುವುದು.

ಪ್ರಕೃತ ವೈದ್ಯರಲ್ಲಿ ಸಾಮಾನ್ಯವಾಗಿ ಒಪ್ಪಿಗೆಯಿರುವ ಕ್ರಮ ಹೀಗಿದೆ. ಎರಡು ಸೆಂಟಿಮೀಟರಿಗಿಂತ ಚಿಕ್ಕದಾದ ಪಿಂಡದ ಕಲ್ಲಿಗೆ ಮೊದಲು ಲಿಥೊಟ್ರಿಪ್ಸಿ. ಅದಕ್ಕಿಂತ ದೊಡ್ಡದಕ್ಕೆ, 또는 ಕವಲೊಡೆದು ಪಿಂಡವನ್ನು ತುಂಬಿದ ಕಲ್ಲಿಗೆ ಪಿ.ಸಿ.ಎನ್.ಎಲ್.; ನಾಳದ ಕಲ್ಲಿಗೆ ದರ್ಶಕ; ಅಂಗದ ರಚನೆಯಲ್ಲಿಯೇ ದೋಷವಿದ್ದು ಅದನ್ನೂ ಸರಿಪಡಿಸಬೇಕಾದಾಗ ತೆರೆದ ಶಸ್ತ್ರ.

ಲಿಥೊಟ್ರಿಪ್ಸಿ ಮಕ್ಕಳಲ್ಲಿ ದೊಡ್ಡವರಿಗಿಂತ ಚೆನ್ನಾಗಿ ಫಲಿಸುತ್ತದೆ. ಮಗುವಿನ ಮೂತ್ರನಾಳ ಗಿಡ್ಡ, ಹಿಗ್ಗುವ ಗುಣ ಹೆಚ್ಚು. ಚೂರುಗಳು ಸಲೀಸಾಗಿ ಇಳಿಯುತ್ತವೆ. ಸುಶ್ರುತನು ಕಂಡ ಮಕ್ಕಳ ಮೈಯ ಅನುಕೂಲ ಇನ್ನೊಂದು ರೂಪದಲ್ಲಿ ಇಲ್ಲಿ ಕಾಣಿಸಿಕೊಂಡಿತು. ಆದರೆ ದೊಡ್ಡವನು ಎಚ್ಚರದಲ್ಲಿಯೇ ಮಲಗಿ ಮಾಡಿಸಿಕೊಳ್ಳುವ ಈ ಕ್ರಿಯೆಗೆ ಚಿಕ್ಕ ಮಗುವಿಗೆ ಅರಿವಳಿಕೆ ಬೇಕು. ತರಂಗ ತಾಗದಂತೆ ಪುಪ್ಪುಸಗಳಿಗೆ ಮರೆ ಕಟ್ಟಬೇಕು. ಕಲ್ಲು ಪೂರ್ತಿ ಹೋಗಲು ಎರಡು ಮೂರು ಸಲ ಬೇಕಾಗಬಹುದು. ಪಿ.ಸಿ.ಎನ್.ಎಲ್. ಬಹುಮಟ್ಟಿಗೆ ಒಂದೇ ಸಲಕ್ಕೆ ಮುಗಿಯುತ್ತದೆ, ಆದರೆ ರಕ್ತಸ್ರಾವದ ಭಯವಿದೆ. ನಳಿಗೆ ಸಣ್ಣದಾದಷ್ಟೂ ರಕ್ತ ಉಳಿಯುತ್ತದೆ, ಹೊತ್ತು ಹೆಚ್ಚುತ್ತದೆ. ದರ್ಶಕದ ವಿಧಾನಕ್ಕೆ ಗಾಯವಿಲ್ಲ. ಎಳೆಯ ನಾಳ ದರ್ಶಕಕ್ಕೆ ಎಡೆಗೊಡದಿದ್ದರೆ ಮೊದಲು ಒಂದು ಕೊಳವೆಯನ್ನು ಕೆಲವು ವಾರ ಇಟ್ಟು ಹಿಗ್ಗಿಸಿ, ಅನಂತರ ಕಲ್ಲನ್ನು ತೆಗೆದು, ಮತ್ತೆ ಕೊಳವೆಯನ್ನು ತೆಗೆಯಬೇಕು. ದೊಡ್ಡವನಿಗೆ ಒಂದು ಅರಿವಳಿಕೆಯಾದರೆ ಮಗುವಿಗೆ ಮೂರು.

ಈಗ ಬಿಕ್ಕೋಡಿನಂಥ ಊರಿನಿಂದ ಈ ತುಲನೆಯನ್ನು ನೋಡಬೇಕು. ಮಗುವಿಗೆ ಸೊಂಟದ ಪಕ್ಕದಲ್ಲಿ ನೋವು, ಮೂತ್ರದಲ್ಲಿ ರಕ್ತ ಕಂಡಾಗ ತಂದೆತಾಯಿಗಳು ಬೇಲೂರಿಗೆ ಹೋಗುತ್ತಾರೆ, ಅಲ್ಲಿಂದ ಹಾಸನಕ್ಕೆ. ಹಾಸನದಲ್ಲಿ ೨೦೦೬ರಿಂದ ಸರಕಾರದ ವೈದ್ಯಕಾಲೇಜಿದೆ. ಮಕ್ಕಳ ಅಳತೆಯ ಸಾಧನಗಳೂ ಅವುಗಳಲ್ಲಿ ಪಳಗಿದ ಕೈಗಳೂ ಬೇಕಾದಾಗ ದಾರಿ ಬೆಂಗಳೂರಿಗೋ, ಘಟ್ಟದ ಕೆಳಗೆ ಮಂಗಳೂರು ಮಣಿಪಾಲಗಳಿಗೋ ತಿರುಗುತ್ತದೆ. ವೈದ್ಯಪತ್ರಿಕೆಗಳ ಕೋಷ್ಟಕಗಳು ನೂರಕ್ಕೆ ಎಷ್ಟು ಮಕ್ಕಳ ಕಲ್ಲು ಪೂರ್ತಿ ಹೋಯಿತು, ಎಷ್ಟು ಮಕ್ಕಳಿಗೆ ಜ್ವರ ಬಂದಿತು, ಎಷ್ಟು ಮಕ್ಕಳಿಗೆ ರಕ್ತ ಕೊಡಬೇಕಾಯಿತು ಎಂದು ಎಣಿಸುತ್ತವೆ. ಎಷ್ಟು ಸಲ ಊರಿನಿಂದ ಬರಬೇಕಾಯಿತೆಂದು ಎಣಿಸುವುದು ಅಪೂರ್ವ. ತೋಟದ ಕೂಲಿಯಿಂದ ಜೀವಿಸುವ ಮನೆಗೆ ಕಾಫಿ ಕೊಯ್ಲಿನ ತಿಂಗಳಲ್ಲಿ ಮೂರು ಸಲ ಬೆಂಗಳೂರಿಗೆ ಹೋಗಿಬರುವುದು ಚಿಕ್ಕ ಮಾತಲ್ಲ. ಶಸ್ತ್ರದ ವೆಚ್ಚವನ್ನು ಸರಕಾರದ ಯೋಜನೆ ಕೊಟ್ಟರೂ ಕಳೆದ ಕೂಲಿಯನ್ನು ಯಾರೂ ಕೊಡುವುದಿಲ್ಲ. ಎರಡನೆಯ ಸಲಕ್ಕೆ ಬಾರದೆ ಉಳಿದ ಮಗುವಿನ ಪಿಂಡದಲ್ಲಿ ಚೂರು ಉಳಿದಿರುತ್ತದೆ. ಉಳಿದ ಚೂರು ಮತ್ತೆ ಬೆಳೆಯುತ್ತದೆ. ಗಾಯವಿಲ್ಲದ ವಿಧಾನ ನಗರದ ಮಗುವಿಗೆ ಮೇಲಾಗಿ, ಒಂದೇ ಸಲಕ್ಕೆ ಮುಗಿಯುವ ವಿಧಾನ ದೂರದ ಊರಿನ ಮಗುವಿಗೆ ಮೇಲಾಗುವುದು ಅಸಂಭವವಲ್ಲ. ಬಿಗೆಲೋನ ಪದ್ಧತಿಗೆ ಇದ್ದ ಮುಖ್ಯ ಪ್ರಶಂಸೆಯೂ ಒಂದೇ ಸಲಕ್ಕೆ ಮುಗಿಯುವುದೆಂಬುದೇ ಆಗಿತ್ತು.

ಇಂದಿನ ಕೋಷ್ಟಕಗಳಲ್ಲಿಯೂ ಚೆಸೆಲ್ಡನನ ತೊಡಕು ತಪ್ಪಿಲ್ಲ. ಚಿಕ್ಕ ಕಲ್ಲಿನವರನ್ನು ಲಿಥೊಟ್ರಿಪ್ಸಿಗೂ ದೊಡ್ಡ ಕಲ್ಲಿನವರನ್ನು ಪಿ.ಸಿ.ಎನ್.ಎಲ್.ಗೂ ಆರಿಸಿದ ಮೇಲೆ ಎರಡರ ಫಲಗಳನ್ನು ಅಕ್ಕಪಕ್ಕ ಇಟ್ಟರೆ ಹೋಲಿಕೆಯಾದದ್ದು ಕಲ್ಲುಗಳದೋ ವಿಧಾನಗಳದೋ ಎಂದು ಹೇಳುವುದು ಕಷ್ಟ. ಮಕ್ಕಳನ್ನು ಚೀಟಿಯೆತ್ತಿದಂತೆ ಎರಡು ಗುಂಪು ಮಾಡಿ ನಡೆಸಿದ ಪರೀಕ್ಷೆಗಳು ಕಡಮೆ. ನಡೆದವುಗಳಲ್ಲಿ ಮಕ್ಕಳ ಸಂಖ್ಯೆ ಚಿಕ್ಕದು, ಗಮನಿಸಿದ ಕಾಲ ಗಿಡ್ಡ.

ಕಾಲದ ಈ ಮಾತು ಮಕ್ಕಳಲ್ಲಿ ಮುಖ್ಯವೆನ್ನಲು ಇನ್ನೊಂದು ಕಾರಣವಿದೆ. ದೊಡ್ಡವರಿಗಿಂತ ಮಕ್ಕಳಲ್ಲಿ ಕಲ್ಲಿನ ಹಿಂದೆ ದೇಹರಸಗಳ ಹುಟ್ಟುದೋಷವಿರುವ ಸಂಭವ ಹೆಚ್ಚು. ೧೮೧೦ರಲ್ಲಿ ವೊಲಾಸ್ಟನ್ ಎಂಬ ರಸಾಯನಜ್ಞನು ಮೂತ್ರಾಶಯದ ಕಲ್ಲೊಂದನ್ನು ಪರೀಕ್ಷಿಸಿ ಹೊಸ ವಸ್ತುವೊಂದನ್ನು ಕಂಡನು, ಅದೇ ಸಿಸ್ಟೀನ್. ವಂಶದಲ್ಲಿ ಇಳಿದುಬರುವ ಈ ದೋಷವುಳ್ಳ ಮಗುವಿಗೆ ಯಾವ ವಿಧಾನದಿಂದ ಕಲ್ಲನ್ನು ತೆಗೆದರೂ ಅದು ಮತ್ತೆ ಬರುತ್ತದೆ. ಆಕ್ಸಲೇಟು ಅತಿಯಾಗಿ ಉತ್ಪತ್ತಿಯಾಗುವ ಇನ್ನೊಂದು ಹುಟ್ಟುರೋಗಕ್ಕೆ ೨೦೨೦ರವರೆಗೆ ನೇರವಾದ ಔಷಧವೇ ಇರಲಿಲ್ಲ. ಆ ವರ್ಷ ಲುಮಾಸಿರಾನ್ ಎಂಬ ಮದ್ದಿಗೆ ಅನುಮತಿ ದೊರೆಯಿತು.

ಇಂಗ್ಲೆಂಡಿನ ನಾರಿಚ್ ಆಸ್ಪತ್ರೆ ಹದಿನೆಂಟನೆಯ ಶತಮಾನದಲ್ಲಿ ಪ್ರಾರಂಭವಾದ ಕಾಲದಿಂದ ತಾನು ತೆಗೆದ ಕಲ್ಲುಗಳನ್ನು ಕೂಡಿಟ್ಟಿತು. ಮಾರ್ಸೆ ಎಂಬವನು ೧೮೧೭ರಲ್ಲಿ ಆ ಆಸ್ಪತ್ರೆಯ ದಾಖಲೆಗಳನ್ನು ತನ್ನ ಗ್ರಂಥಕ್ಕೆ ಬಳಸಿದನು. ಯೆಲೋಲಿ ೧೮೨೯ರಲ್ಲಿ ಆ ಕಲ್ಲುಗಳ ರಾಸಾಯನಿಕ ರಚನೆಯನ್ನು ಪ್ರಕಟಿಸಿದನು. ನಮ್ಮಲ್ಲಿ ತೆಗೆದ ಕಲ್ಲನ್ನು ಚಿಕ್ಕ ಸೀಸೆಯಲ್ಲಿ ಹಾಕಿ ಮನೆಯವರ ಕೈಗೆ ಕೊಡುವ ವಾಡಿಕೆಯುಂಟು. ಅದು ಊರಿನಲ್ಲಿ ನೆಂಟರಿಷ್ಟರಿಗೆ ತೋರಿಸುವ ವಸ್ತುವಾಗಿ, ಕೆಲವು ತಿಂಗಳಲ್ಲಿ ಎಲ್ಲಿಯೋ ಕಳೆದುಹೋಗುತ್ತದೆ. ಆ ಸೀಸೆ ಮನೆಗೆ ಹೋಗುವ ಮುನ್ನ ಪ್ರಯೋಗಶಾಲೆಗೆ ಹೋದರೆ, ಕಲ್ಲು ಯಾವ ವಸ್ತುವಿನದೆಂದು ವೈದ್ಯನಿಗೂ, ಮುಂದಿನ ಮಗುವಿಗೆ ಏನು ಕಾದಿದೆಯೆಂದು ತಾಯಿಗೂ ತಿಳಿಯುತ್ತದೆ.